13 ಸಾವಿರ ಕೋಟಿಯೋ, 2 ಲಕ್ಷ ಕೋಟಿಯೋ?

ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ವಿಶ್ವದಲ್ಲಿ 13 ಸಾವಿರ ಕೋಟಿ ಗೆಲಾಕ್ಸಿಗಳಿವೆ ಎಂದು ಹೋದ ವರ್ಷ ಬರೆದಿದ್ದಿರಿ. ಕಳೆದ ಸಂಚಿಕೆಯಲ್ಲಿ 2 ಲಕ್ಷ ಕೋಟಿ ಎಂದಿದೆ. ಯಾವುದು ಸರಿ ಅಂತ ಮೊಮ್ಮಗಳು ಕೇಳುತ್ತಿದ್ದಾಳೆ. ಅಷ್ಟಕ್ಕೂ ಎಣಿಸಿದವರು ಯಾರು?"

ಮೇಷ್ಟ್ರೇ, ತಪ್ಪು ನಮ್ಮದು. ಎರಡೂ ಅಂಕಿಗಳನ್ನು ಸುಮ್ನೆ ಅಚ್ಚು ಹಾಕಿಬಿಟ್ಟೆವು. ಯಾವುದು ಯಾವುದರ ಲೆಕ್ಕ ಅಂತ ಹೇಳಲೇ ಇಲ್ಲ.

ಗೆಲಾಕ್ಸಿ ಅಂದರೆ ಕೋಟ್ಯಂತರ ನಕ್ಷತ್ರಗಳ ಗುಂಪು. ಅವನ್ನು ಪೂರ್ತಿ ಎಣಿಸಿದವರು ಯಾರೂ ಇಲ್ಲ. ಬೆಳೆ ವಿಮೆಯವರು ಇಳುವರಿ ಲೆಕ್ಕ ಹಾಕುವುದನ್ನು ನೋಡಿರುತ್ತೀರಿ. ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಆಕಾಶದಲ್ಲೂ ಅದೇ ಉಪಾಯ.

1995ರ ಡಿಸೆಂಬರಿನಲ್ಲಿ ಖಗೋಳ ವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪನ್ನು ಸಪ್ತರ್ಷಿ ಮಂಡಲದ ಒಂದು ಖಾಲಿ ಮೂಲೆಗೆ 10 ದಿನ ತಿರುಗಿಸಿಟ್ಟರು. ನೂರು ಮೀಟರ್ ದೂರದ ಟೆನಿಸ್ ಚೆಂಡು ಮರೆಮಾಡುವಷ್ಟು ಜಾಗ, ಅಷ್ಟೇ. ಬೆಲೆಬಾಳುವ ಹೊತ್ತು ಹಾಳು ಎಂದವರೂ ಇದ್ದರು. ಅಲ್ಲಿ ಸಿಕ್ಕಿದ್ದು ಸುಮಾರು 3,000 ಗೆಲಾಕ್ಸಿ! 1998ರಲ್ಲಿ ದಕ್ಷಿಣದ ಆಕಾಶದಲ್ಲೂ ಹೀಗೇ ನೋಡಿದರು. ಹೆಚ್ಚುಕಡಿಮೆ ಅದೇ ಬೆಳೆ. 2003-04ರಲ್ಲಿ ಇನ್ನೊಂದು ಚೂರನ್ನು ಮತ್ತಷ್ಟು ಹೊತ್ತು ದಿಟ್ಟಿಸಿದಾಗ ಸುಮಾರು 10,000 ಕಂಡವು. ಆ ಚೂರು ಇಡೀ ಆಕಾಶದ 1.3 ಕೋಟಿಯಲ್ಲೊಂದು ಪಾಲು. ಗುಣಿಸಿ ನೋಡಿ, 13 ಸಾವಿರ ಕೋಟಿ ಬರುತ್ತದೆ.

ಹಾಗಾದರೆ 2 ಲಕ್ಷ ಕೋಟಿ ಎಲ್ಲಿಂದ ಬಂತು? 2016ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಕಾನ್ಸಲೀಸ್ ಅವರ ತಂಡ ಜೊಳ್ಳನ್ನೂ ಲೆಕ್ಕಕ್ಕೆ ತಂದಿತು. ಅಂದರೆ ಹಬಲ್ ಕಣ್ಣಿಗೂ ಬೀಳದಷ್ಟು ಮಬ್ಬಾದ ಪುಟ್ಟ ಗೆಲಾಕ್ಸಿಗಳು. ಒಟ್ಟು ಲೆಕ್ಕದಲ್ಲಿ ನೂರಕ್ಕೆ 90 ಅಂಥವೇ. ಅವು ಕಂಡದ್ದಲ್ಲ, ಗಣಿತದಿಂದ ಊಹಿಸಿದ್ದು. ಇನ್ನೊಂದು ತೊಡಕೂ ಇದೆ. ದೂರದ ಬೆಳಕು ತಡವಾಗಿ ತಲುಪಿದ ಕಾಗದ ಇದ್ದ ಹಾಗೆ, ಅದರಲ್ಲಿರುವುದು ಹಳೇ ಸುದ್ದಿ. ಆ ಪುಟ್ಟವುಗಳಲ್ಲಿ ಎಷ್ಟೋ ಆಮೇಲೆ ಒಂದಕ್ಕೊಂದು ಸೇರಿ ದೊಡ್ಡವಾಗಿವೆ. ಹಾಗಾಗಿ 2 ಲಕ್ಷ ಕೋಟಿ ಇವತ್ತಿನ ಹಾಜರಿಯಲ್ಲ, ಹಳೆಯ ರಿಜಿಸ್ಟರುಗಳನ್ನೆಲ್ಲ ಕೂಡಿಸಿದ್ದು. ಮೇಷ್ಟ್ರಿಗೆ ಈ ವ್ಯತ್ಯಾಸ ನಾನು ಹೇಳಬೇಕೇ?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ಲೂಟೋ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆ ಅಲ್ಲಿನ ಕತ್ತಲು ಎಷ್ಟು ದಟ್ಟ ಎಂದು ಅಳೆಯಿತು. ನಮ್ಮ ಹತ್ತಿರದಲ್ಲಿ ಬಿಸಿಲಿಗೆ ಹೊಳೆಯುವ ಧೂಳಿನ ಕಾಟ, ಅಲ್ಲಿ ಅದಿಲ್ಲ. 2 ಲಕ್ಷ ಕೋಟಿ ಇದ್ದಿದ್ದರೆ ಅವುಗಳ ಮಬ್ಬು ಬೆಳಕು ಇನ್ನೂ ಜಾಸ್ತಿ ಇರಬೇಕಿತ್ತು ಎಂದು 2021ರಲ್ಲಿ ಆ ಅಳತೆ ಮಾಡಿದ ವಿಜ್ಞಾನಿಗಳು ಹೇಳಿದರು. ಅವರ ಪ್ರಕಾರ ಸಂಖ್ಯೆ ಕೆಲವು ಹತ್ತು ಸಾವಿರ ಕೋಟಿಗಳ ಮಟ್ಟದ್ದು. 2024ರ ಇನ್ನೂ ನಿಖರವಾದ ಅಳತೆಯಲ್ಲಿ, ಕಂಡ ಬೆಳಕು ಈಗಾಗಲೇ ಗೊತ್ತಿರುವ ಗೆಲಾಕ್ಸಿಗಳ ಲೆಕ್ಕಕ್ಕೆ ತಾಳೆಯಾಯಿತು.

ನನ್ನನ್ನು ಕೇಳಿದರೆ, ಮೊಮ್ಮಗಳಿಗೆ "ಹತ್ತಾರು ಸಾವಿರ ಕೋಟಿ" ಎನ್ನಿ. ಅದೂ ವಿಶ್ವ ಹುಟ್ಟಿದಾಗಿನಿಂದ ಕಳೆದ 1,380 ಕೋಟಿ ವರ್ಷಗಳಲ್ಲಿ ಬೆಳಕು ನಮ್ಮನ್ನು ತಲುಪಿರುವಷ್ಟು ಭಾಗದ ಲೆಕ್ಕ ಮಾತ್ರ. ಅದರಾಚೆಗೆ ಹಗ್ಗ ಕಟ್ಟಲು ದಾರಿಯಿಲ್ಲ. ಮುಂದಿನ ಸಂಚಿಕೆಯಿಂದ ಇಂಥ ಅಂಕಿ ಹಾಕುವಾಗ, ಕಂಡದ್ದೆಷ್ಟು, ಊಹೆ ಎಷ್ಟು ಅಂತ ಪಕ್ಕದಲ್ಲೇ ಬರೆಯುತ್ತೇವೆ.

– ಸಂ.