ನದಿ ಬಂದರಿನ ಎಲ್‌ಎನ್‌ಜಿ ಟರ್ಮಿನಲ್: ಟ್ಯಾಂಕ್ ಸಿಡಿಯುವುದೇ ದೊಡ್ಡ ಅಪಾಯವೇ?

ಅಲ್ಲ. ಎಲ್‌ಎನ್‌ಜಿ ಎಂದರೆ ತಣಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನ ಈ ದ್ರವವನ್ನು ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ವಾತಾವರಣದ ಒತ್ತಡದಲ್ಲೇ ಇಡುತ್ತಾರೆ. ಹೆದರಬೇಕಾದ್ದು ಸೋರಿಕೆಗೆ. ನೀರಿನ ಮೇಲೆ ಚೆಲ್ಲಿದರೆ ಕೊತಕೊತ ಕುದಿದು ಅನಿಲವಾಗುತ್ತದೆ. ಪೂರ್ತಿ ಬೆಚ್ಚಗಾಗುವಷ್ಟರಲ್ಲಿ ಸುಮಾರು 600 ಪಟ್ಟು ಹಿಗ್ಗಿರುತ್ತದೆ. ಮೊದಮೊದಲು ಆ ತಣ್ಣನೆಯ ಆವಿ ಗಾಳಿಗಿಂತ ಭಾರ, ಹಾಗಾಗಿ ಮೇಲೇರದೆ ನೀರಿಗೆ ಅಂಟಿಕೊಂಡೇ ತೆವಳುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿರುವ ಕಡೆ ಕಿಡಿ ತಗುಲಿದರೆ ಬೆಂಕಿಯೇ. ಸಮುದ್ರದಲ್ಲಾದರೆ ಚದುರಲು ಜಾಗವಿದೆ. ನದಿಯಲ್ಲಿ ಎರಡೂ ದಡ ಹತ್ತಿರ, ಅಲ್ಲಿ ಮನೆಗಳೂ ಇರಬಹುದು.

ಯೋಜನೆಗಳು ಎಡವುವುದು ಮಾತ್ರ ಹೆಚ್ಚಾಗಿ ಹೂಳಿನ ವಿಷಯದಲ್ಲಿ ಎನ್ನಬಹುದು. ಎಲ್‌ಎನ್‌ಜಿ ತರುವ ದೊಡ್ಡ ಹಡಗು ಸುಮಾರು 290 ಮೀಟರ್ ಉದ್ದ, ನೀರೊಳಗೆ 11–12 ಮೀಟರ್ ಇಳಿದಿರುತ್ತದೆ. ನದಿಯಲ್ಲಿ ಹಡಗು ಸಾಗುವ ಕಾಲುವೆಯನ್ನು ಒಮ್ಮೆ ಆಳ ಮಾಡಿದರೆ ಸಾಲದು, ಪ್ರತಿ ಪ್ರವಾಹದ ನಂತರ ಆಳ ಅಳೆದು ಮತ್ತೆ ಹೂಳೆತ್ತಬೇಕು.