ಬ್ರೇಕ್ ರೀಕಾಲ್ ಅಂತೆ, ಸೆಕೆಂಡ್ ಹ್ಯಾಂಡ್ ಕಾರಿಗೂ ಉಂಟಾ?

ಪ್ರಶ್ನೆ: ಎರಡು ವರ್ಷ ಹಿಂದೆ ಮಂಗ್ಳೂರಿನವರೊಬ್ಬರ ಹತ್ರ 2022ರ ಮಾಡೆಲ್ ಕಾರ್ ತಗೊಂಡೆ. ಮೊನ್ನೆ ಭಾವ ಹೇಳಿದ್ರು, ಅದಕ್ಕೆ ಹಿಂದಿನ ಚಕ್ರದ ಬ್ರೇಕಿನ ರೀಕಾಲ್ ಆಗಿತ್ತಂತೆ, ಅಂದ್ರೆ ದೋಷ ಸರಿ ಮಾಡ್ಲಿಕ್ಕೆ ಕಂಪೆನಿಯವರೇ ಗಾಡಿ ವಾಪಸ್ ಕರೆದದ್ದಂತೆ. ನಂಗೆ ಲೆಟರ್, ಫೋನ್ ಎಂತದೂ ಬರ್ಲಿಲ್ಲ. ಶೋರೂಮಲ್ಲಿ ಕೇಳಿದ್ರೆ "ನೀವು ಫಸ್ಟ್ ಓನರ್ ಅಲ್ಲ, ಬ್ರೇಕ್ ಪಾರ್ಟ್‌ಗೆ ದುಡ್ಡಾಗ್ತದೆ" ಅಂದ್ರು. ವಾರಕ್ಕೊಮ್ಮೆ ಆಗುಂಬೆ ಘಾಟಿ ಹತ್ತಿ ಇಳೀಲಿಕ್ಕುಂಟು, ಹೆದರಿಕೆ ಆಗ್ತದೆ.
(ಹೆಬ್ರಿಯ ಓದುಗರು)

ಉತ್ತರ: ದುಡ್ಡು ಕೊಡ್ಬೇಡಿ ಮಾರಾಯ್ರೆ. ರೀಕಾಲ್ ಆಗುದು ಗಾಡಿಗೆ, ಓನರಿಗಲ್ಲ. ಕಂಪೆನಿ ನೋಡುದು ಚಾಸಿಸ್ ನಂಬರ್, ರೀಕಾಲಿನ ಪಟ್ಟಿಯಲ್ಲಿ ನಿಮ್ಮ ಗಾಡಿಯ ನಂಬರ್ ಇದ್ರೆ ನೀವು ಎಷ್ಟನೇ ಓನರ್ ಆದ್ರೂ ರಿಪೇರಿ ಫ್ರೀ. ಲೆಟರ್ ಬರದ್ದಕ್ಕೆ ಕಾರಣ ಸುಲಭ, ಆರ್‌ಟಿಓದಲ್ಲಿ ಹೆಸರು ಬದಲಾದ್ರೂ ಕಂಪೆನಿಯ ಪುಸ್ತಕದಲ್ಲಿ ಹಳೇ ಓನರಿನ ಫೋನ್ ನಂಬರೇ ಇರ್ತದೆ, ಮೆಸೇಜ್ ಅವರಿಗೆ ಹೋಗಿ ಅಲ್ಲೇ ಡಿಲೀಟ್ ಆಗಿರ್ತದೆ.

ಆದ್ರೆ ಭಾವ ಹೇಳಿದ್ದು ಅರ್ಧ ಮಾತ್ರ ಸರಿ ಇರ್ಬಹುದು. ಮಾಡೆಲ್ ಒಂದೇ ಅಂತ ಎಲ್ಲಾ ಕಾರೂ ಸೇರುದಿಲ್ಲ. 2022ರ ಅಕ್ಟೋಬರಲ್ಲಿ ಮಾರುತಿಯವರು ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಕಾರು ವಾಪಸ್ ಕರೆದ್ರಲ್ಲ, ಹಿಂದಿನ ಬ್ರೇಕಿನ ಪಿನ್ ತುಂಡಾಗ್ಬಹುದು ಅಂತ, ಅದು ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ಒಳಗೆ ತಯಾರಾದ ಗಾಡಿಗಳಿಗೆ ಮಾತ್ರ. ಹಾಗಾಗಿ ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್ ಹಿಡ್ಕೊಂಡು ಕಂಪೆನಿಯ ಕಸ್ಟಮರ್ ಕೇರಿಗೇ ಫೋನ್ ಮಾಡಿ, ಶೋರೂಮಿನ ರಿಸೆಪ್ಶನಿಗಲ್ಲ. ಹಳೇ ಓನರ್ ಮೊದ್ಲೇ ಮಾಡಿಸಿದ್ರೆ ಅದೂ ಅಲ್ಲಿ ಗೊತ್ತಾಗ್ತದೆ. ಬಾಕಿ ಉಂಟು ಅಂದ್ರೆ ಇಮೇಲಲ್ಲಿ ಬರೆಸಿಕೊಳ್ಳಿ, ಬಾಯಿ ಮಾತು ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ಬದಲಾಗ್ತದೆ. ರಿಪೇರಿ ಆದ್ಮೇಲೆ ವರ್ಕ್‌ಶಾಪಿನವರು ಮಾಡಿದ ಕೆಲಸ ಬರೆದು ಕೊಡುವ ಜಾಬ್ ಕಾರ್ಡಲ್ಲಿ ರೀಕಾಲ್ ಕೆಲಸ ಅಂತ ಬರ್ದಿದೆಯಾ ನೋಡಿ ತೆಗೆದಿಡಿ, ಕಾರ್ ಮಾರುವಾಗ ಬೇಕಾಗ್ತದೆ. (ರೀಕಾಲ್ ಅಂದ್ರೆ ಗಾಡಿಯ ರೇಟ್ ಇಳೀತದೆ ಅಂತ ಬಾಯೇ ಬಿಡದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಮಾಡಿಸದ ಬ್ರೇಕಿಗಿಂತ ಮಾಡಿಸಿದ ಬ್ರೇಕಿಗೇ ಬೆಲೆ ಅಲ್ವಾ?)

ಆಮೇಲೂ ದುಡ್ಡು ಕೇಳಿದ್ರೆ 1915ಕ್ಕೆ ಕಂಪ್ಲೇಂಟ್ ಕೊಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಮೋಟಾರ್ ವಾಹನ ತಿದ್ದುಪಡಿಯಲ್ಲಿ 110ಎ ಅಂತ ಸೆಕ್ಷನ್ ಬಂದ ಮೇಲೆ ಸರ್ಕಾರವೇ ರೀಕಾಲಿಗೆ ಆರ್ಡರ್ ಮಾಡ್ಲಿಕ್ಕೆ ಆಗ್ತದೆ.

ಘಾಟಿಯ ವಿಷಯ. ಚೆಕ್ ಆಗುವ ತನಕ ಆಗುಂಬೆಗೆ ಬಸ್ಸಲ್ಲಿ ಹೋಗಿ. ತಮಾಷೆ ಅಲ್ಲ, ನಿಮ್ಮದು ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ (ಡಬ್ಬಿಯಂಥ ಡ್ರಮ್ಮಿನೊಳಗೆ ಒತ್ತಿ ನಿಲ್ಲಿಸುವ ಬ್ರೇಕ್) ಇರುವ ಕಾರಾದ್ರೆ ಹ್ಯಾಂಡ್ ಬ್ರೇಕ್ ಹಿಡಿಯುದೂ ಅದೇ ಡ್ರಮ್ಮಿಗೆ, ಅಲ್ಲೇ ಪ್ರಾಬ್ಲಮ್ ಇದ್ರೆ ಹದಿನಾಲ್ಕು ತಿರುವಿನ ಮಧ್ಯೆ ಹ್ಯಾಂಡ್ ಬ್ರೇಕ್ ಉಂಟಲ್ಲ ಅಂತ ಧೈರ್ಯ ಮಾಡ್ಲಿಕ್ಕಿಲ್ಲ. ಹಿಂದಿನ ಚಕ್ರದಿಂದ ಕಟಕಟ ಶಬ್ದ ಬಂದ್ರೆ ಊರೊಳಗೂ ಓಡಿಸ್ಬೇಡಿ, ಟೋ ಮಾಡ್ಲಿಕ್ಕೆ ಹೇಳಿ.

ಪ್ರಶ್ನೆ: ಬೈಕ್ ಎರಡು ದಿನ ನಿಲ್ಸಿದ್ರೆ ಡಿಸ್ಕ್ ತುಕ್ಕು ಹಿಡೀತದೆ. ಇದಕ್ಕೂ ರೀಕಾಲ್ ಉಂಟಾ?
(ಮಲ್ಪೆಯ ಓದುಗರು)

ಉತ್ತರ: ಇಲ್ಲ, ಅದು ಕಡಲ ಗಾಳಿ. ಡಿಸ್ಕಿನ ಮೇಲಿನ ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಹೋಗ್ತದೆ. ನೋಡ್ಬೇಕಾದ್ದು ಕ್ಯಾಲಿಪರ್, ಅಂದ್ರೆ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ. ರಾಯಲ್ ಎನ್‌ಫೀಲ್ಡಿನವರು 2020ರಲ್ಲಿ ಬ್ರಿಟನ್, ಯುರೋಪ್, ಕೊರಿಯಾದಲ್ಲಿ ಸುಮಾರು 15,200 ಬೈಕ್ ವಾಪಸ್ ಕರೆದದ್ದು ಚಳಿಗಾಲದಲ್ಲಿ ರೋಡಿಗೆ ಹಾಕುವ ಉಪ್ಪಿಂದ ಕ್ಯಾಲಿಪರ್ ತುಕ್ಕು ಹಿಡಿದದ್ದಕ್ಕೇ. ನಮಗೆ ಉಪ್ಪು ವರ್ಷವಿಡೀ ಫ್ರೀ. ಸರ್ವಿಸಲ್ಲಿ ಕ್ಯಾಲಿಪರ್ ಬಿಚ್ಚಿ ಪಿನ್ ಕ್ಲೀನ್ ಮಾಡಿಸಿ, ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ, ಬಣ್ಣ ಕಪ್ಪಾಗುವ ತನಕ ಕಾಯ್ಬೇಡಿ.