ಥಿಯರಿ ಮೊದಲಾ, ಪ್ರಶ್ನೆ ಮೊದಲಾ?

ಪ್ರಶ್ನೆ: ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ವಾರ್ಡಿನಲ್ಲಿ ರೋಗಿಗಳ ಕೈಕಾಲು ಕಟ್ಟುವುದರ ಬಗ್ಗೆ ಸಂಶೋಧನೆ ಮಾಡುವ ಆಸೆ. ಗೈಡ್ 'ಯಾವ ಥಿಯರಿ, ಮೊದಲು ಅದನ್ನು ಹೇಳಿ' ಅಂತಾರೆ. ಪ್ರಶ್ನಾವಳಿ ಕೊಡಲಾ, ಕೂತು ಮಾತಾಡಿಸಲಾ?

ಉತ್ತರ: ಈ ವಿಷಯ ಬಿಡಬೇಡಿ, ತುಂಬಾ ಬೇಕಾದ ಕೆಲಸ ಇದು. ಆದರೆ 'ಕಟ್ಟುವುದರ ಬಗ್ಗೆ' ಅನ್ನೋದು ಇನ್ನೂ ಪ್ರಶ್ನೆಯಾಗಿಲ್ಲ.

ಏನು ಮಾಡಿದರೆ ಕಟ್ಟುವುದು ಕಡಿಮೆಯಾಗುತ್ತೆ ಅಂತ ತಿಳಿಯಬೇಕಾದರೆ ಎಣಿಸಲೇಬೇಕು. ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ಮತ್ತು ಜೊತೆಗಾರರು 31 ವಾರ್ಡುಗಳಲ್ಲಿ 'ಸೇಫ್‌ವಾರ್ಡ್ಸ್' ಪ್ರಯೋಗ ಮಾಡಿದ್ದು ಹಾಗೇ. ಅದರಲ್ಲಿದ್ದದ್ದು ಸಣ್ಣಸಣ್ಣ ಸಂಗತಿಗಳು. ಡ್ಯೂಟಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವುದು, ಅಂಥವು. 2015ರಲ್ಲಿ ಬಂದ ಫಲಿತಾಂಶದಲ್ಲಿ ಗಲಾಟೆಗಳು ಶೇ. 15ರಷ್ಟು, ರೋಗಿಯನ್ನು ಬಲವಂತವಾಗಿ ಹಿಡಿದಿಡುವುದು, ಕೂಡಿಹಾಕುವುದು ಮುಂತಾದವು ಸುಮಾರು ಶೇ. 26ರಷ್ಟು ಇಳಿದಿದ್ದವು.

ಕಟ್ಟಿಸಿಕೊಂಡವರಿಗೆ ಏನನ್ನಿಸಿತು ಅನ್ನೋದು ನಿಮ್ಮ ಪ್ರಶ್ನೆಯಾದರೆ ಟಿಕ್ ಹಾಕಿಸಿ ಪ್ರಯೋಜನವಿಲ್ಲ. 'ಕಟ್ಟಿದ್ದು ಹೋಗಲಿ ಸಿಸ್ಟರ್, ನೀರು ನೀರು ಅಂತ ಕೂಗ್ತಿದ್ದೆ, ಯಾರೂ ನನ್ನ ಮುಖ ನೋಡಲಿಲ್ಲ' ಅಂತ ಒಬ್ಬರು ಹೇಳಿದರು ಅಂದುಕೊಳ್ಳಿ, ಆ ಮಾತು ತುಂಬಿಸೋಕೆ ನಿಮ್ಮ ಪ್ರಶ್ನಾವಳಿಯಲ್ಲಿ ಜಾಗ ಎಲ್ಲಿದೆ? ಇಲ್ಲಿ ಫೆನಾಮಿನಾಲಜಿ ಬೇಕು, ಅಂದರೆ ಅನುಭವಿಸಿದವರ ಬಾಯಿಂದಲೇ ಅನುಭವ ಕೇಳುವ ದಾರಿ. ಕಟ್ಟುವ ತೀರ್ಮಾನ ಸಿಬ್ಬಂದಿ ನಡುವೆ ಹೇಗೆ ಆಗುತ್ತೆ ಅಂತ ನೋಡುವುದಾದರೆ ಗ್ರೌಂಡೆಡ್ ಥಿಯರಿ, ಅಂದರೆ ನೋಡಿದ, ಕೇಳಿದ ಸಂಗತಿಗಳಿಂದಲೇ ವಿವರಣೆ ರೂಪಿಸುವ ದಾರಿ.

ಇನ್ನು ಗೈಡ್ ಕೇಳಿದ ಥಿಯರಿ. ಅಮೆರಿಕದ ನರ್ಸಿಂಗ್ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ಹೇಳಿದರು, ನರ್ಸ್ ಮತ್ತು ರೋಗಿ ಮೊದಲು ಅಪರಿಚಿತರಾಗಿ ಎದುರಾಗುತ್ತಾರೆ, ಆಮೇಲೆ ಹಂತಹಂತವಾಗಿ ಸಂಬಂಧ ಬೆಳೆಯುತ್ತೆ, ಗುಣವಾಗುವುದರಲ್ಲಿ ಆ ಸಂಬಂಧಕ್ಕೇ ದೊಡ್ಡ ಪಾಲು ಅಂತ. ಇದನ್ನು ಹಿಡಿದರೆ ನಿಮ್ಮ ಸಂದರ್ಶನದ ಪ್ರಶ್ನೆಯೇ ಬದಲಾಗುತ್ತೆ: ಕಟ್ಟಿದ ನರ್ಸೇ ಮರುದಿನ ಮಾತ್ರೆ ತಂದಾಗ ನಿಮಗೆ ಏನನ್ನಿಸಿತು? ಮೊದಲ ಅಧ್ಯಾಯದಲ್ಲಿ ಸುಮ್ನೆ ಒಂದು ಚಿತ್ರ ಬರೆದು ಮರೆತುಬಿಡುವ ಥಿಯರಿ ಬೇಡವೇ ಬೇಡ. ಅದನ್ನು ತೆಗೆದುಹಾಕಿದರೂ ನಿಮ್ಮ ಪ್ರಶ್ನೆಗಳು ಹಾಗೇ ಉಳಿಯುತ್ತವೆ ಅಂದರೆ, ಬೇರೆ ಹುಡುಕಿ.

ಒಂದು ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ನೀವೇ ಡ್ಯೂಟಿ ಮಾಡುವ ವಾರ್ಡಿನ ರೋಗಿಗಳನ್ನು ನೀವೇ ಹೋಗಿ ಒಪ್ಪಿಗೆ ಕೇಳಬೇಡಿ. ಮಾತ್ರೆ ಕೊಡುವವರಿಗೆ 'ಆಗಲ್ಲ' ಅನ್ನೋದು ಅವರಿಗೆ ಕಷ್ಟ. ಚಿಕಿತ್ಸೆಗೆ ಸಂಬಂಧವಿಲ್ಲದವರು ಯಾರಾದರೂ ಕೇಳಲಿ, ಅದೂ ರೋಗಿ ಚೇತರಿಸಿಕೊಂಡ ಮೇಲೆ.